ರೊಟ್ಟಿ ಮಾರಿ ಅನಾಥರಿಗೆ ತಾಯಿಯಾದ ಮಾರ್ಗರೆಟ್ ಹೌರಿ

ಅಮೇರಿಕಾ ದೇಶದ ದಕ್ಷಿಣ ಭಾಗದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿ ನ್ಯೂ ಓರ್ಲಿಯನ್ಸ್ ಎಂಬ ಹಳೆಯ ಬಂದರು ನಗರವಿದೆ. ಆ ನಗರದ ಚಿಕ್ಕದೊಂದು ಉದ್ಯಾನದಲ್ಲಿ ಬಿಳಿ ಅಮೃತಶಿಲೆಯ ಒಂದು ಮೂರ್ತಿ ಇದೆ. ರಾಣಿಯದ್ದಲ್ಲ, ದಂಡನಾಯಕನದ್ದೂ ಅಲ್ಲ. ಸಾಧಾರಣ ಹತ್ತಿ ಬಟ್ಟೆಯ ಉಡುಪು ತೊಟ್ಟು, ಹೆಗಲಿಗೆ ಶಾಲು ಹೊದ್ದು, ಕುರ್ಚಿಯಲ್ಲಿ ಕುಳಿತಿರುವ ಒಬ್ಬ ಗಟ್ಟಿಮುಟ್ಟಾದ ಹೆಂಗಸು. ಆಕೆಯ ತೋಳಿನ ಆಸರೆಯಲ್ಲಿ ಒಂದು ಮಗು. ಕೆಳಗೆ ಕೆತ್ತಿರುವುದು ಒಂದೇ ಹೆಸರು: ಮಾರ್ಗರೆಟ್. ಮನೆತನದ ಹೆಸರು ಬೇಕೆಂದು ಆ ಊರಿನವರಿಗೆ ಅನಿಸಲಿಲ್ಲ. ಮಾರ್ಗರೆಟ್ ಎಂದರೆ ಯಾರೆಂದು ಎಲ್ಲರಿಗೂ ಗೊತ್ತಿತ್ತು.

1884ರಲ್ಲಿ ಅನಾವರಣಗೊಂಡ ಈ ಮೂರ್ತಿ, ಅಮೇರಿಕಾದಲ್ಲಿ ಮಹಿಳೆಯೊಬ್ಬಳ ಗೌರವಾರ್ಥ ನಿಲ್ಲಿಸಿದ ಅತ್ಯಂತ ಹಳೆಯ ಸಾರ್ವಜನಿಕ ಮೂರ್ತಿಗಳ ಸಾಲಿಗೆ ಸೇರುತ್ತದೆ. ಗೌರವ ಪಡೆದ ಮಹಿಳೆ ಹಾಲು ಮಾರಿದವಳು, ಬೇಕರಿ ನಡೆಸಿದವಳು. ಓದಲು ಬರೆಯಲು ಬಾರದವಳು. ಗಂಡನನ್ನೂ ಒಂದೇ ಮಗುವನ್ನೂ ಕಳೆದುಕೊಂಡ ಐರಿಷ್ ವಲಸೆಗಾರ್ತಿ. ಭಕ್ತಿಯುಳ್ಳ ಕಥೊಲಿಕ ಗೃಹಸ್ಥೆ. ಧರ್ಮಸಭೆ ಆಕೆಯನ್ನು ಸಂತರ ಪಟ್ಟಿಗೆ ಸೇರಿಸಿಲ್ಲ. ಆದರೂ ವ್ಯಾಪಾರ ಮತ್ತು ವಿಶ್ವಾಸ ಎರಡೂ ಒಂದೇ ಮನೆಯಲ್ಲಿ ಬಾಳಬಲ್ಲವೇ ಎಂದು ಕೇಳುವವರಿಗೆ ಈಕೆಯ ಜೀವನವನ್ನು ತಿಳಿಸಬೇಕೆಂದು ನಮಗೆ ಅನಿಸಿದೆ.

ಬಡತನದ ಮನೆಯಿಂದ ಹಡಗಿಗೆ

ಮಾರ್ಗರೆಟ್ ಗ್ಯಾಫ್ನಿ ಹುಟ್ಟಿದ್ದು 1813ರಲ್ಲಿ, ಐರ್ಲೆಂಡಿನ ಲೀಟ್ರಿಮ್ ಸೀಮೆಯಲ್ಲಿ. ತಂದೆ ವಿಲಿಯಂ, ತಾಯಿ ಮಾರ್ಗರೆಟ್ ಓರೂರ್ಕ್. ಗೇಣಿಗೆ ಪಡೆದ ತುಂಡು ಭೂಮಿಯಲ್ಲಿ ದುಡಿದು ಬದುಕುತ್ತಿದ್ದ ಕುಟುಂಬ. ಗೇಣಿ ಕೊಟ್ಟು ಉಳಿದದ್ದರಲ್ಲಿ ಮಕ್ಕಳ ಹೊಟ್ಟೆ ತುಂಬಿಸುವ ಕಷ್ಟ ಏನೆಂಬುದು ಕರಾವಳಿಯ ಹಳೆಯ ತಲೆಮಾರಿನ ಒಕ್ಕಲು ಕುಟುಂಬಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ ಎನ್ನುವಷ್ಟು ಚಳಿ ಮಳೆ ಸುರಿದು ಬೆಳೆ ಹಾಳಾಯಿತು. ಅದರ ಹಿಂದೆಯೇ ಹಸಿವು, ಜ್ವರ. ಊರು ಬಿಡುವುದಲ್ಲದೆ ಬೇರೆ ದಾರಿ ಕಾಣದೆ 1818ರಲ್ಲಿ ಈ ದಂಪತಿ ಅಮೇರಿಕಾಕ್ಕೆ ಹೊರಟರು. ಎಲ್ಲ ಮಕ್ಕಳನ್ನು ಕರೆದೊಯ್ಯುವಷ್ಟು ಹಣ ಇರಲಿಲ್ಲ. ದೊಡ್ಡ ಮಕ್ಕಳನ್ನು ಬಂಧುಗಳ ಬಳಿ ಬಿಟ್ಟು, ಚಿಕ್ಕವರನ್ನಷ್ಟೇ ಜೊತೆಗೆ ಕರೆದುಕೊಂಡರು. ಐದು ವರ್ಷದ ಮಾರ್ಗರೆಟ್ ಆ ಚಿಕ್ಕವರಲ್ಲಿ ಒಬ್ಬಳು.

ಹಡಗಿನ ಪ್ರಯಾಣ ತಿಂಗಳುಗಟ್ಟಲೆ ಎಳೆಯಿತು. ದಾಸ್ತಾನು ಮುಗಿಯುತ್ತ ಬಂದು, ಕೊನೆಗೆ ದಿನಕ್ಕೆ ಒಬ್ಬರಿಗೆ ಒಂದು ಗಟ್ಟಿ ಬಿಸ್ಕತ್ತಿನಂತೆ ಹಂಚುವ ಸ್ಥಿತಿ ಬಂತೆಂದು ಆಕೆಯ ಜೀವನ ಬರೆದವರು ಹೇಳುತ್ತಾರೆ. ಮುಂದೆ ಅಂತಹದ್ದೇ ಬಿಸ್ಕತ್ತನ್ನು ಡಬ್ಬಗಟ್ಟಲೆ ತಯಾರಿಸುವ ಕೈ ಆಗ ಆ ಒಂದು ಬಿಸ್ಕತ್ತಿಗಾಗಿ ಚಾಚಿತ್ತು.

ಕುಟುಂಬ ಬಾಲ್ಟಿಮೋರ್ ನಗರದಲ್ಲಿ ನೆಲೆಸಿತು. ತಂದೆಗೆ ಬಂದರಿನ ಸುತ್ತ ಕೂಲಿ ಕೆಲಸ ಸಿಕ್ಕಿತು. ಬಿಟ್ಟು ಬಂದ ಮಕ್ಕಳನ್ನು ಕರೆಸಿಕೊಳ್ಳಲು ಹಣ ಕೂಡಿಸುವ ಆಸೆಯಿತ್ತು. ಆದರೆ 1822ರಲ್ಲಿ ಆ ನಗರಕ್ಕೆ ಹಳದಿ ಜ್ವರ ಬಡಿಯಿತು. ಕೆಲವೇ ದಿನಗಳ ಅಂತರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಪುಟ್ಟ ತಂಗಿಯೂ ಉಳಿಯಲಿಲ್ಲ. ಅಣ್ಣ ಎಲ್ಲಿಗೋ ಹೋದವನು ಮತ್ತೆ ಮರಳಲಿಲ್ಲ. ಒಂಬತ್ತು ವರ್ಷದ ಮಾರ್ಗರೆಟ್ ಪರದೇಶದ ಬೀದಿಯಲ್ಲಿ ಒಬ್ಬಂಟಿಯಾದಳು.

ಅದೇ ಹಡಗಿನಲ್ಲಿ ಬಂದಿದ್ದ ರಿಚರ್ಡ್ಸ್ ಎಂಬ ವೇಲ್ಸ್ ದೇಶದ ಮಹಿಳೆ ಆಕೆಯನ್ನು ಮನೆಗೆ ಕರೆದೊಯ್ದರು. ಅದೇ ಜ್ವರದಲ್ಲಿ ಅವರೂ ಗಂಡನನ್ನು ಕಳೆದುಕೊಂಡಿದ್ದರು. ಆಶ್ರಯ ಸಿಕ್ಕಿತು, ಊಟ ಸಿಕ್ಕಿತು, ಶಾಲೆ ಸಿಗಲಿಲ್ಲ. ಮನೆಗೆಲಸ ಮಾಡುತ್ತ ಬೆಳೆದ ಹುಡುಗಿ ಜೀವಮಾನವಿಡೀ ಅಕ್ಷರ ಕಲಿಯಲಿಲ್ಲ. ಆದರೆ ಅನಾಥೆಯನ್ನು ಬಾಗಿಲೊಳಗೆ ಕರೆಯುವುದು ಎಂದರೇನು ಎಂಬುದನ್ನು ಆಕೆ ಆ ಮನೆಯಲ್ಲೇ ಕಲಿತಳು. ಕರೆದವರು ಶ್ರೀಮಂತರಾಗಿರಲಿಲ್ಲ, ತಾವೇ ದುಃಖದಲ್ಲಿದ್ದವರು. ಈ ಮಾತು ಮುಂದೆ ನೆನಪಿಗೆ ಬರಲಿದೆ.

ಎರಡನೆಯ ಸಲ ಒಬ್ಬಂಟಿ

1835ರ ಅಕ್ಟೋಬರ್ 10ರಂದು ಬಾಲ್ಟಿಮೋರಿನ ಪ್ರಧಾನಾಲಯದಲ್ಲಿ ಮಾರ್ಗರೆಟ್ ಮತ್ತು ಚಾರ್ಲ್ಸ್ ಹೌರಿ ಎಂಬ ಐರಿಷ್ ಯುವಕನ ವಿವಾಹ ನಡೆಯಿತು. ಚಾರ್ಲ್ಸ್‌ನ ಆರೋಗ್ಯ ಸರಿಯಿರಲಿಲ್ಲ. ಬೆಚ್ಚಗಿನ ಹವೆ ಒಳ್ಳೆಯದೆಂದು ದಂಪತಿ ಅದೇ ವರ್ಷ ನವೆಂಬರಿನಲ್ಲಿ ನ್ಯೂ ಓರ್ಲಿಯನ್ಸ್‌ಗೆ ಬಂದರು. ಅಲ್ಲಿ ಒಂದು ಹೆಣ್ಣು ಮಗು ಹುಟ್ಟಿತು, ಫ್ರಾನ್ಸೆಸ್ ಎಂದು ಹೆಸರಿಟ್ಟರು. ಚಾರ್ಲ್ಸ್ ಗುಣವಾಗಲಿಲ್ಲ. ಸಮುದ್ರ ಪ್ರಯಾಣದಿಂದ ಆರೋಗ್ಯ ಸುಧಾರಿಸಬಹುದೆಂಬ ವೈದ್ಯರ ಸಲಹೆಯಂತೆ ಆತ ಐರ್ಲೆಂಡಿಗೆ ಹೊರಟ. ಅಲ್ಲೇ ತೀರಿಕೊಂಡ ಸುದ್ದಿ ಬಂತು. ಕೆಲವು ತಿಂಗಳುಗಳಲ್ಲಿ ಮಗುವೂ ಕಾಯಿಲೆ ಬಿದ್ದು ಕಣ್ಣು ಮುಚ್ಚಿತು.

ಆಗ ಮಾರ್ಗರೆಟ್‌ಗೆ 23 ವರ್ಷ. ತವರಿಲ್ಲ, ಗಂಡನಿಲ್ಲ, ಮಗುವಿಲ್ಲ, ಓದಿಲ್ಲ, ಹಣವಿಲ್ಲ. ಇಷ್ಟು ಕಳೆದುಕೊಂಡವರು ದೇವರ ಮೇಲೆ ಮುನಿಸಿಕೊಂಡರೆ ನಾವು ಆಶ್ಚರ್ಯ ಪಡುವುದಿಲ್ಲ. ಆಕೆ ಮುನಿಸಿಕೊಂಡಳೋ ಅತ್ತಳೋ ನಮಗೆ ಯಾರೂ ಬರೆದಿಟ್ಟಿಲ್ಲ. ಆಕೆ ಏನು ಮಾಡಿದಳು ಎಂಬುದು ಮಾತ್ರ ಉಳಿದಿದೆ. ನಗರದ ಸೇಂಟ್ ಚಾರ್ಲ್ಸ್ ಎಂಬ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಹಾಕುವ ಕೆಲಸಕ್ಕೆ ಸೇರಿದಳು.

ಇಸ್ತ್ರಿ ಮಾಡುವ ಕಿಟಕಿಯಿಂದ ಆಕೆಗೆ ಹತ್ತಿರದ ಅನಾಥಾಲಯದ ಮಕ್ಕಳು ಕಾಣುತ್ತಿದ್ದರು. ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಚಾರಿಟಿ ಸಭೆಯ ಧರ್ಮಭಗಿನಿಯರು. 1975ರಲ್ಲಿ ಸಂತಪದವಿಗೇರಿದ ಎಲಿಜಬೆತ್ ಆ್ಯನ್ ಸೀಟನ್ ಅವರು 1809ರಲ್ಲಿ ಆರಂಭಿಸಿದ ಸಭೆ ಅದು. ಬಡವರ ಸೇವೆಯ ಅದರ ರೀತಿ ಸಂತ ವಿನ್ಸೆಂಟ್ ದೆ ಪಾವ್ಲ್ ಅವರಿಂದ ಬಂದದ್ದು. ಅಲ್ಲಿನ ಮುಖ್ಯಸ್ಥೆ ಭಗಿನಿ ಫ್ರಾನ್ಸಿಸ್ ರೀಜಿಸ್ ಬ್ಯಾರೆಟ್. ಮಾರ್ಗರೆಟ್ ಅವರನ್ನು ಭೇಟಿಯಾಗಿ ತನ್ನ ಸಂಬಳದ ಒಂದು ಪಾಲನ್ನು ಮಕ್ಕಳಿಗಾಗಿ ಕೊಡತೊಡಗಿದಳು. ಕೆಲವೇ ಕಾಲದಲ್ಲಿ ಲಾಂಡ್ರಿ ಕೆಲಸ ಬಿಟ್ಟು ಅನಾಥಾಲಯದ ಕೆಲಸಕ್ಕೇ ಬಂದಳು. ಆ ಇಬ್ಬರು ಮಹಿಳೆಯರ ಸ್ನೇಹ ಜೀವನದ ಕೊನೆಯವರೆಗೂ ಬಾಳಿತು.

ಎರಡು ದನಗಳಿಂದ ಆರಂಭ

ಅನಾಥಾಲಯದ ಪರಿಸ್ಥಿತಿ ಕಷ್ಟದ್ದಾಗಿತ್ತು. ಇದ್ದ ಮನೆ ಬಿಡಬೇಕಾಗಿ ಬಂದಾಗ, ದೆವ್ವವಿದೆಯೆಂದು ಜನ ಹೆದರಿ ಖಾಲಿ ಬಿಟ್ಟಿದ್ದ ಹಳೆಯ ಮನೆಯೊಂದನ್ನು ಬಾಡಿಗೆಯಿಲ್ಲದೆ ಪಡೆದು ಮಕ್ಕಳನ್ನು ಅಲ್ಲಿಗೆ ಸಾಗಿಸಿದರು. ಅಡುಗೆಮನೆಯಲ್ಲಿ ಏನೂ ಇಲ್ಲದ ದಿನಗಳಿರುತ್ತಿದ್ದವು. ಅಂತಹ ದಿನ ಮಾರ್ಗರೆಟ್ ಬುಟ್ಟಿ ಹಿಡಿದು ಅಂಗಡಿ ಅಂಗಡಿ ಸುತ್ತಿ ಬೇಡುತ್ತಿದ್ದಳು.

ಬೇಡುವುದರಲ್ಲಿ ಆಕೆಗೆ ನಾಚಿಕೆ ಇರಲಿಲ್ಲ. ಆದರೆ ಬೇಡಿದ್ದು ಒಂದು ದಿನಕ್ಕೆ ಸಾಕಾಗುತ್ತದೆ, ಮರುದಿನ ಮತ್ತೆ ಹಸಿವು. ಮಕ್ಕಳಿಗೆ ದಿನವೂ ಬೇಕಾದದ್ದು ಹಾಲು. ಹಾಗಾಗಿ ತಾನು ಕೂಡಿಸಿದ್ದ ಅಲ್ಪ ಹಣದಿಂದ ಆಕೆ ಎರಡು ದನಗಳನ್ನು ಕೊಂಡಳು. ಮಕ್ಕಳಿಗೆ ಬೇಕಾದಷ್ಟು ಇಟ್ಟು, ಉಳಿದ ಹಾಲನ್ನು ಗಾಡಿಯಲ್ಲಿಟ್ಟು ಬೀದಿ ಬೀದಿ ತಿರುಗಿ ಮಾರತೊಡಗಿದಳು. ಅನಾಥಾಲಯಕ್ಕೆ ಮೊದಲು, ಮಾರಾಟಕ್ಕೆ ಆನಂತರ. ಈ ಕ್ರಮವನ್ನು ನಾವು ಗಮನಿಸಬೇಕು. ಲಾಭ ಬಂದ ಮೇಲೆ ಅದರಲ್ಲಿ ಸ್ವಲ್ಪ ದಾನ ಮಾಡೋಣ ಎಂದು ಆರಂಭವಾದ ವ್ಯಾಪಾರ ಇದಲ್ಲ. ಮಕ್ಕಳ ಲೋಟ ತುಂಬಿದ ಮೇಲೆ ಉಳಿದದ್ದರಿಂದ ಆರಂಭವಾದ ವ್ಯಾಪಾರ.

ಹಾಲು ಕೊಡಲು ದೊಡ್ಡ ಹೋಟೆಲು, ಮನೆಗಳಿಗೆ ಹೋದಾಗ ಅಲ್ಲಿ ಉಳಿದ ಊಟ ಚೆಲ್ಲುವುದನ್ನು ಆಕೆ ಕಂಡಳು. ಲಾಂಡ್ರಿಯಲ್ಲಿದ್ದಾಗಲೇ ಆಕೆಗೆ ಇದು ಗೊತ್ತಿತ್ತು. ಹಾಲಿಳಿಸಿ ಖಾಲಿಯಾದ ಗಾಡಿಯಲ್ಲಿ ಕೆಡದೆ ಉಳಿದ ಊಟ ತುಂಬಿಸಿಕೊಂಡು ಮಕ್ಕಳಿಗೆ ತಂದಳು. ಐದು ರೊಟ್ಟಿಯ ಅದ್ಭುತ ನಡೆದ ಮೇಲೆ ಉಳಿದ ತುಣುಕುಗಳನ್ನೂ ಕೂಡಿಸಲು ಪ್ರಭು ಯೇಸು ಶಿಷ್ಯರಿಗೆ ಹೇಳಿದ್ದನ್ನು ಸಂತ ಯೊವಾನ್ನರ ಶುಭಸಂದೇಶದಲ್ಲಿ ನಾವು ಓದುತ್ತೇವೆ. ನಮ್ಮ ಪ್ರವಚನಗಳಲ್ಲಿ ಅದ್ಭುತದ ಬಗ್ಗೆ ಹೆಚ್ಚು ಮಾತು, ಹನ್ನೆರಡು ಬುಟ್ಟಿಗಳ ಬಗ್ಗೆ ಕಡಿಮೆ. ಮಾರ್ಗರೆಟ್ ಬುಟ್ಟಿಗಳ ಕೆಲಸವನ್ನು ಕೈಗೆತ್ತಿಕೊಂಡಳು.

ಹಾಲು ಒಳ್ಳೆಯದಿತ್ತು, ಅಳತೆಯಲ್ಲಿ ಮೋಸವಿರಲಿಲ್ಲ, ಮಳೆಯಾಗಲಿ ಬಿಸಿಲಾಗಲಿ ಗಾಡಿ ಬರುತ್ತಿತ್ತು. ಕೆಲವೇ ವರ್ಷಗಳಲ್ಲಿ ಎರಡು ದನಗಳು ನಲವತ್ತಾದವು. ಹಾಲಿನ ಜೊತೆ ಕೆನೆ, ಬೆಣ್ಣೆಯ ಮಾರಾಟವೂ ಸೇರಿತು. ಕೈಯಲ್ಲಿ ಹಣ ಬಂತು. ಆ ಹಣದಿಂದ ಆಕೆ ಮನೆ ಕಟ್ಟಿಸಲಿಲ್ಲ, ರೇಷ್ಮೆ ಉಡಲಿಲ್ಲ. 1840ರ ಸುಮಾರಿಗೆ ಹೆಣ್ಣು ಮಕ್ಕಳ ಅನಾಥಾಲಯಕ್ಕೆ ಕ್ಯಾಂಪ್ ಬೀದಿಯಲ್ಲಿ ಸ್ವಂತ ಕಟ್ಟಡ ಎದ್ದಾಗ ಅದರ ಮೇಲೆ ದೊಡ್ಡ ಸಾಲವಿತ್ತು. ಸುಮಾರು ಹತ್ತು ವರ್ಷಗಳಲ್ಲಿ ಆ ಸಾಲ ತೀರಿತು. ಅದನ್ನು ತೀರಿಸಿದ್ದರಲ್ಲಿ ಬಹುಪಾಲು ಹಾಲಿನ ಗಾಡಿಯ ಸಂಪಾದನೆ.

ಜ್ವರದ ವರ್ಷ

ನ್ಯೂ ಓರ್ಲಿಯನ್ಸ್ ನಗರವನ್ನು ಹಳದಿ ಜ್ವರ ಮತ್ತೆ ಮತ್ತೆ ಕಾಡುತ್ತಿತ್ತು. ಸೊಳ್ಳೆಯಿಂದ ಹರಡುವ ರೋಗವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1853ರ ಬೇಸಿಗೆಯಲ್ಲಿ ಅದು ಎಂದಿಗಿಂತ ಭೀಕರವಾಗಿ ಬಂತು. ಆ ಒಂದು ವರ್ಷದಲ್ಲಿ ನಗರದಲ್ಲಿ ಸುಮಾರು 8,000 ಜನ ಸತ್ತರು. ಹೊಸದಾಗಿ ಬಂದಿದ್ದ ಐರಿಷ್ ಮತ್ತು ಜರ್ಮನ್ ಬಡವರೇ ಹೆಚ್ಚು. ಉಳ್ಳವರು ಊರು ಬಿಟ್ಟು ಹೋದರು. ಮಾರ್ಗರೆಟ್ ಹೋಗಲಿಲ್ಲ. ತನ್ನ ತಂದೆ ತಾಯಿಯನ್ನು ಕೊಂಡೊಯ್ದ ಅದೇ ರೋಗದ ಮನೆಗಳಿಗೆ ಆಕೆ ಹೋಗಿ ಬಂದಳು. ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ರೋಗಿಗಳನ್ನು ನೋಡಿಕೊಂಡಳು. ಸಾಯುವ ತಾಯಂದಿರಿಗೆ ಮಕ್ಕಳನ್ನು ಕೈಬಿಡುವುದಿಲ್ಲವೆಂದು ಮಾತು ಕೊಟ್ಟಳು.

ಕೊಟ್ಟ ಮಾತು ಉಳಿಸಿಕೊಳ್ಳಬೇಕಾದರೆ ಮನೆ ಬೇಕು. ಹಾಲು ಕುಡಿಯುವ ಕೂಸುಗಳನ್ನು ದೊಡ್ಡ ಮಕ್ಕಳ ಜೊತೆ ಇಡುವಂತಿಲ್ಲ. ಹೀಗೆ ಶಿಶುಗಳಿಗಾಗಿಯೇ ಸಂತ ವಿನ್ಸೆಂಟರ ಹೆಸರಿನ ಅನಾಥಾಲಯದ ಯೋಜನೆ ಹುಟ್ಟಿತು. ಅದರ ದೊಡ್ಡ ಕಟ್ಟಡ 1862ರಲ್ಲಿ ತೆರೆಯಿತು. ಇದರ ಸಾಲವೂ ಬಹುಮಟ್ಟಿಗೆ ಮಾರ್ಗರೆಟ್‌ಳ ಹೆಗಲಿಗೇ ಬಂತು. ಹಾಲಿನ ಗಾಡಿ ಇಷ್ಟನ್ನು ಎಳೆಯಲಾರದು. ದೊಡ್ಡ ಸಂಪಾದನೆಯ ದಾರಿ ಬೇಕಾಗಿತ್ತು.

ಕೈಗೆ ಬಂದ ಬೇಕರಿ

ಆ ದಾರಿ ತೆರೆದದ್ದು ನಷ್ಟದ ರೂಪದಲ್ಲಿ. ನಗರದ ಒಂದು ಬೇಕರಿಗೆ ಮಾರ್ಗರೆಟ್ ಹಣ ಕೊಟ್ಟಿದ್ದಳು. 1850ರ ದಶಕದ ಕೊನೆಯಲ್ಲಿ ಆ ಬೇಕರಿ ಸಾಲದಲ್ಲಿ ಮುಳುಗಿತು. ಕೊಟ್ಟ ಹಣ ಮರಳಿ ಬರಬೇಕಾದರೆ ಬೇಕರಿಯನ್ನೇ ತೆಗೆದುಕೊಳ್ಳುವುದಲ್ಲದೆ ಬೇರೆ ಉಪಾಯ ಉಳಿದಿರಲಿಲ್ಲ. ಬೇಕರಿ ಕೆಲಸ ಆಕೆಗೆ ಹೊಸದು. ವಯಸ್ಸು ನಲವತ್ತೈದು ದಾಟಿತ್ತು. ಆದರೂ ಹಿಂಜರಿಯದೆ ಮುಂದಾದಳು. ಕ್ರಮೇಣ ಹಾಲಿನ ವ್ಯಾಪಾರ ಬಿಟ್ಟು ಪೂರ್ತಿ ಬೇಕರಿಗೇ ನಿಂತಳು. ಹಾಲು ಮಾರಿದ ಬೀದಿಗಳಲ್ಲೇ ಈಗ ಬ್ರೆಡ್ಡಿನ ಗಾಡಿ ಓಡತೊಡಗಿತು.

ಹಿಟ್ಟು ನಾದುವುದು ಆಗೆಲ್ಲ ಕೈಕೆಲಸ. ಸಮಯ ಬೇಕು, ಆಳುಗಳು ಬೇಕು. ಮಾರ್ಗರೆಟ್ ತನ್ನ ಬೇಕರಿಗೆ ಉಗಿಯಂತ್ರ ತಂದಳು. ಅಮೇರಿಕಾದ ದಕ್ಷಿಣ ರಾಜ್ಯಗಳಲ್ಲೇ ಉಗಿಯಿಂದ ನಡೆದ ಮೊದಲ ಬೇಕರಿ ಇದೆಂದು ಹೇಳುತ್ತಾರೆ. ಬ್ರೆಡ್ ಎರಡು ಮೂರು ದಿನಕ್ಕೆ ಹಾಳಾಗುತ್ತದೆ, ಅದನ್ನು ಊರೊಳಗೆ ಮಾತ್ರ ಮಾರಬಹುದು. ಗಟ್ಟಿ ಬಿಸ್ಕತ್ತು ಹಾಗಲ್ಲ. ಡಬ್ಬದಲ್ಲಿ ತುಂಬಿಸಿ ದೂರದ ಊರಿಗೆ, ಹಡಗುಗಳಿಗೆ ಕಳುಹಿಸಬಹುದು. ಮಾರ್ಗರೆಟ್‌ಳ ಬಿಸ್ಕತ್ತು ಹೆಸರು ಗಳಿಸಿತು. ನೂರಾರು ಬೇಕರಿಗಳಲ್ಲಿ ಒಂದಾಗಿದ್ದ ಬೇಕರಿ ಆ ಬಂದರು ನಗರದ ಪ್ರಮುಖ ಉದ್ಯಮವಾಯಿತು.

ಇಲ್ಲಿಯೂ ಮೊದಲಿನ ಕ್ರಮವೇ. ನಗರದ ಅನಾಥಾಲಯಗಳಿಗೆ ಬ್ರೆಡ್ ಆಕೆಯ ಬೇಕರಿಯಿಂದ ಹೋಗುತ್ತಿತ್ತು. ಬೆಲೆ ಹೆಸರಿಗೆ ಮಾತ್ರ. ಬಾಗಿಲಿಗೆ ಬಂದ ಹಸಿದವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಆದರೆ ಕುಡುಕರು ದಾನವಾಗಿ ಪಡೆದ ಬ್ರೆಡ್ಡನ್ನು ಮಾರಿ ಹೆಂಡ ಕುಡಿಯುವುದು ಆಕೆಗೆ ಗೊತ್ತಾಗಿತ್ತು. ಅಂತಹವರಿಗೆ ಬ್ರೆಡ್ಡನ್ನು ತುಂಡು ಮಾಡಿ ಕೊಡುತ್ತಿದ್ದಳಂತೆ. ತುಂಡಾದ ಬ್ರೆಡ್ಡನ್ನು ಯಾರೂ ಕೊಳ್ಳುವುದಿಲ್ಲ, ತಿನ್ನಲು ಮಾತ್ರ ಅಡ್ಡಿಯಿಲ್ಲ. ಕರುಣೆ ಇದ್ದರೆ ಕಣ್ಣು ಮುಚ್ಚಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಗಲಿಲ್ಲ.

ಯುದ್ಧದ ದಿನಗಳು

1861ರಲ್ಲಿ ಅಮೇರಿಕಾದ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. 1862ರ ವಸಂತದಲ್ಲಿ ಉತ್ತರದ ಸೇನೆ ನ್ಯೂ ಓರ್ಲಿಯನ್ಸ್ ನಗರವನ್ನು ವಶಪಡಿಸಿಕೊಂಡಿತು. ಜನರಲ್ ಬೆಂಜಮಿನ್ ಬಟ್ಲರ್ ಸೇನಾ ಕಾನೂನು ಹೇರಿದರು. ಕಾವಲು ಗಡಿ ದಾಟುವುದು ನಿಷಿದ್ಧವಾಯಿತು. ಆದರೆ ಗಡಿಯ ಆಚೆಗೂ ಹಸಿದ ಕುಟುಂಬಗಳಿದ್ದವು. ಮಾರ್ಗರೆಟ್ ಹಿಟ್ಟು, ಬ್ರೆಡ್ ತೆಗೆದುಕೊಂಡು ಗಡಿ ದಾಟುತ್ತಲೇ ಇದ್ದಳು. ಜನರಲ್ ಆಕೆಯನ್ನು ಕರೆಸಿ ಎಚ್ಚರಿಸಿದಾಗ, ಬಡವರನ್ನು ಹಸಿವಿನಿಂದ ಸಾಯಿಸುವುದು ಸರ್ಕಾರದ ಇಚ್ಛೆಯೇ ಎಂದು ಆಕೆ ನೇರವಾಗಿ ಕೇಳಿದಳಂತೆ. ಕಠಿಣ ಮನುಷ್ಯನೆಂದು ಹೆಸರಾಗಿದ್ದ ಆ ಜನರಲ್ ಕೊನೆಗೆ ಆಕೆಗೆ ಗಡಿ ದಾಟಲು ಅನುಮತಿ ನೀಡಿದರೆಂದು ದಾಖಲಾಗಿದೆ.

ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಆ ಯುದ್ಧದ ಮೂಲದಲ್ಲಿದ್ದದ್ದು ಗುಲಾಮಗಿರಿ. ನ್ಯೂ ಓರ್ಲಿಯನ್ಸ್ ನಗರ ದೇಶದ ಅತಿ ದೊಡ್ಡ ಗುಲಾಮರ ಮಾರುಕಟ್ಟೆಯಾಗಿತ್ತು. ಅಲ್ಲಿನ ಹೋಟೆಲು, ಬಂದರು, ಹತ್ತಿ, ಸಕ್ಕರೆ ಎಲ್ಲದರ ಸಂಪತ್ತಿನ ಹಿಂದೆ ಕಪ್ಪು ಜನರ ಕೂಲಿಯಿಲ್ಲದ ದುಡಿಮೆ ಇತ್ತು. ಯಾವ ವ್ಯಾಪಾರಿಯೂ ಆ ನೆರಳಿನಿಂದ ಪೂರ್ತಿ ಹೊರಗಿರಲಿಲ್ಲ. ಅದೇ ನಗರದಲ್ಲಿ, ಅದೇ ಕಾಲದಲ್ಲಿ, ಆಫ್ರಿಕಾ ಮೂಲದ ರಕ್ತವಿದ್ದ ಹೆನ್ರಿಯೆಟ್ ಡಿಲೀಲ್ ಎಂಬ ಸ್ವತಂತ್ರ ಮಹಿಳೆ ಗುಲಾಮರಿಗೆ, ಕಪ್ಪು ಅನಾಥರಿಗೆ, ವೃದ್ಧರಿಗೆ ಸೇವೆ ಸಲ್ಲಿಸಲು ಪವಿತ್ರ ಕುಟುಂಬದ ಧರ್ಮಭಗಿನಿಯರ ಸಭೆ ಕಟ್ಟಿದರು. ಅವರನ್ನು 2010ರಲ್ಲಿ ಧರ್ಮಸಭೆ ಪೂಜ್ಯರೆಂದು ಘೋಷಿಸಿತು. ಮಾರ್ಗರೆಟ್‌ಳ ಕಥೆಯನ್ನು ಓದುವವರು ಈ ಇನ್ನೊಬ್ಬ ಮಹಿಳೆಯ ಹೆಸರನ್ನೂ ನೆನಪಿಡಬೇಕೆಂಬುದು ನಮ್ಮ ಕೋರಿಕೆ.

ವ್ಯಾಪಾರದ ರೀತಿ

ಓದು ಬರಹವಿಲ್ಲದ ಮಹಿಳೆ ಇಷ್ಟು ದೊಡ್ಡ ವ್ಯಾಪಾರ ಹೇಗೆ ನಡೆಸಿದಳು? ನಮಗೆ ತಿಳಿದಷ್ಟರಲ್ಲಿ ಆಕೆಯ ರೀತಿ ಸರಳ. ಮೊದಲನೆಯದಾಗಿ, ತನಗೆ ಗೊತ್ತಿದ್ದ ಹಸಿವಿನಿಂದಲೇ ಆಕೆ ಕೆಲಸ ಆರಂಭಿಸಿದಳು. ಹಾಲು, ರೊಟ್ಟಿ ಎರಡೂ ತಾನು ಬಾಲ್ಯದಲ್ಲಿ ಕಾಣದೆ ಪರಿತಪಿಸಿದ ವಸ್ತುಗಳು. ಯಾವ ವ್ಯಾಪಾರದಲ್ಲಿ ಲಾಭ ಹೆಚ್ಚು ಎಂದು ಲೆಕ್ಕ ಹಾಕುತ್ತ ಕುಳಿತವಳಲ್ಲ. ಎದುರಿನ ಮಕ್ಕಳಿಗೆ ಏನು ಬೇಕು, ಅದನ್ನು ನಾನು ಮಾಡಬಲ್ಲೆನೇ ಎಂದು ನೋಡಿದವಳು.

ಎರಡನೆಯದಾಗಿ, ಆಕೆ ಎಲ್ಲರ ಕಣ್ಣೆದುರು ವ್ಯಾಪಾರ ಮಾಡಿದಳು. ಬೇಕರಿಯ ಕಚೇರಿಯ ಬಾಗಿಲ ಬಳಿ ಕುಳಿತಿರುತ್ತಿದ್ದ ಆಕೆಯ ಬಳಿಗೆ ಬ್ಯಾಂಕಿನ ದೊಡ್ಡವರೂ ಬರುತ್ತಿದ್ದರು, ಪತ್ರಿಕೆ ಮಾರುವ ಹುಡುಗರೂ ಬರುತ್ತಿದ್ದರು. ಎಲ್ಲರಿಗೂ ಒಂದೇ ಮಾತಿನ ಧಾಟಿ. ಉಡುಪು ಅದೇ ಹತ್ತಿ ಬಟ್ಟೆ, ಅದೇ ಶಾಲು. ಸಂಪತ್ತು ಬಂದರೂ ರೇಷ್ಮೆ ಉಡುಪಾಗಲಿ, ನಾಜೂಕಾದ ಕೈಗವಸಾಗಲಿ ಆಕೆಯ ಮೈ ಮುಟ್ಟಲಿಲ್ಲವೆಂದು ಆಕೆಯ ಬಗ್ಗೆ ಬರೆದವರು ಹೇಳುತ್ತಾರೆ. ತನಗಾಗಿ ತೆಗೆದುಕೊಳ್ಳುವುದನ್ನು ಕಡಿಮೆ ಮಾಡಿದ್ದರಿಂದ ಕೊಡಲೂ ಹಣ ಉಳಿಯಿತು, ಯಂತ್ರ ಕೊಳ್ಳಲೂ ಉಳಿಯಿತು.

ಮೂರನೆಯದು ನಮ್ಮಲ್ಲಿ ಅನೇಕರು ಮರೆಯುವ ವಿಷಯ. ಮಾರ್ಗರೆಟ್ ವ್ಯಾಪಾರವನ್ನು ವ್ಯಾಪಾರವಾಗಿಯೇ ನಡೆಸಿದಳು. ಧರ್ಮಕಾರ್ಯಕ್ಕಾಗಿ ಮಾಡಿದ್ದು ಎಂದು ಹಾಲಿಗೆ ನೀರು ಬೆರೆಸಲಿಲ್ಲ. ಅನಾಥರ ಹೆಸರು ಹೇಳಿ ಕಳಪೆ ಬ್ರೆಡ್ ಮಾರಲಿಲ್ಲ. ಒಳ್ಳೆಯ ಸರಕು, ಸರಿಯಾದ ಅಳತೆ, ಹೊಸ ಯಂತ್ರ, ಹೊಸ ಮಾರುಕಟ್ಟೆ, ಯಾವುದರಲ್ಲೂ ಹಿಂದೆ ಬೀಳಲಿಲ್ಲ. ಬೇಕರಿ ಮುಳುಗಿದರೆ ಅದರೊಂದಿಗೆ ಮುಳುಗುವವರು ಮಕ್ಕಳು ಎಂಬ ಅರಿವು ಆಕೆಗಿತ್ತು. ಆ ಅರಿವೇ ಆಕೆಯನ್ನು ಚುರುಕಾದ ವ್ಯಾಪಾರಗಾರ್ತಿಯನ್ನಾಗಿ ಮಾಡಿತು ಎಂದರೆ ತಪ್ಪಾಗದು.

ಪೋಪ್ ಎರಡನೆಯ ಜಾನ್ ಪಾವ್ಲ್ ಅವರು 1991ರ ತಮ್ಮ ವಿಶ್ವಪತ್ರದಲ್ಲಿ, ಲಾಭವು ಉದ್ಯಮ ಚೆನ್ನಾಗಿ ನಡೆಯುತ್ತಿದೆ ಎಂಬುದರ ಗುರುತು ಹೌದು, ಆದರೆ ಅದೊಂದೇ ಗುರುತಲ್ಲ, ಅದರಲ್ಲಿ ದುಡಿಯುವ ಮನುಷ್ಯರ ಘನತೆಯನ್ನೂ ನೋಡಬೇಕು ಎಂಬರ್ಥದಲ್ಲಿ ಬೋಧಿಸಿದರು. ಪೋಪ್ ಹದಿನಾರನೆಯ ಬೆನೆಡಿಕ್ಟ್ ಅವರು 2009ರಲ್ಲಿ ಇನ್ನೂ ಮುಂದೆ ಹೋಗಿ, ಉಚಿತವಾಗಿ ಕೊಡುವ ಗುಣಕ್ಕೆ ದಿನನಿತ್ಯದ ಆರ್ಥಿಕ ವ್ಯವಹಾರದ ಒಳಗೇ ಸ್ಥಾನವಿರಬೇಕೆಂದು ಕಲಿಸಿದರು. ಅಕ್ಷರ ಬಾರದ ಮಾರ್ಗರೆಟ್ ಅದನ್ನು ನೂರೈವತ್ತು ವರ್ಷಗಳಷ್ಟು ಮೊದಲೇ ಹಾಲಿನ ಗಾಡಿಯ ಮೇಲೆ ಮಾಡಿ ತೋರಿಸಿದ್ದಳು.

ಶಿಲುಬೆಯ ಸಹಿ

ದೀರ್ಘಕಾಲದ ಅಸ್ವಸ್ಥತೆಯ ನಂತರ, ಧರ್ಮಭಗಿನಿಯರ ಆರೈಕೆಯಲ್ಲಿ, 1882ರ ಫೆಬ್ರವರಿ 9ರಂದು ಮಾರ್ಗರೆಟ್ ಪ್ರಭುವಿನ ಸನ್ನಿಧಿ ಸೇರಿದಳು. ಪತ್ರಿಕೆಗಳು ಅದನ್ನು ಇಡೀ ನಗರದ ನಷ್ಟವೆಂದು ಪ್ರಕಟಿಸಿದವು. ಅಂತ್ಯವಿಧಿಗೆ ಮಹಾಧರ್ಮಾಧ್ಯಕ್ಷರು ಬಂದರು, ಮೇಯರ್ ಬಂದರು, ವ್ಯಾಪಾರಸ್ಥರು ಬಂದರು, ಹಲವು ಅನಾಥಾಲಯಗಳ ಮಕ್ಕಳು ಸಾಲಾಗಿ ನಡೆದು ಬಂದರು. ಬಿಳಿಯರು, ಕಪ್ಪು ಜನರು, ಕಥೊಲಿಕರು, ಪ್ರೊಟೆಸ್ಟಂಟರು, ಯೆಹೂದ್ಯರು ಎಲ್ಲರೂ ಬೀದಿಯಲ್ಲಿ ನಿಂತಿದ್ದರು. ತನಗಿಂತ ಮೊದಲು ತೀರಿಕೊಂಡಿದ್ದ ಗೆಳತಿ ಭಗಿನಿ ರೀಜಿಸ್ ಅವರ ಸಮಾಧಿಯಲ್ಲೇ ಆಕೆಯನ್ನೂ ಇರಿಸಲಾಯಿತು.

ಆಕೆಯ ಉಯಿಲು ತೆರೆದಾಗ ತಾನು ಗಳಿಸಿದ್ದನ್ನು ನಗರದ ಅನಾಥಾಲಯಗಳಿಗೆ ಮತ್ತು ಸೇವಾ ಸಂಸ್ಥೆಗಳಿಗೆ ಹಂಚಿದ್ದು ತಿಳಿಯಿತು. ಕಥೊಲಿಕ ಸಂಸ್ಥೆಗಳಿಗೆ ಮಾತ್ರವಲ್ಲ, ಪ್ರೊಟೆಸ್ಟಂಟರ ಅನಾಥಾಲಯಕ್ಕೂ, ಯೆಹೂದ್ಯರ ವಿಧವೆ ಮತ್ತು ಅನಾಥರ ಆಶ್ರಮಕ್ಕೂ ಪಾಲು ಇತ್ತು. ಎಲ್ಲರೂ ಅನಾಥರೇ ಎಂಬುದು ಆಕೆಯ ತರ್ಕ. ಉಯಿಲಿನ ಕೊನೆಯಲ್ಲಿ ಹೆಸರಿನ ಬದಲು ಒಂದು ಶಿಲುಬೆಯ ಗುರುತು. ಹೆಸರು ಬರೆಯಲು ಬಾರದವರು ಹಾಕುವ ಮಾಮೂಲು ಗುರುತು ಅದು. ಆಕೆಯ ಜೀವನವನ್ನು ತಿಳಿದವರಿಗೆ ಅದಕ್ಕಿಂತ ಸರಿಯಾದ ಸಹಿ ಇನ್ನೊಂದು ಇರಲಾರದು ಎನಿಸುತ್ತದೆ.

ಬೇಕರಿಯನ್ನು ಬರ್ನಾರ್ಡ್ ಕ್ಲಾಟ್ಸ್ ಎಂಬವರು ಮುಂದುವರಿಸಿದರು. ಜನರು ಚಿಲ್ಲರೆ ನಾಣ್ಯಗಳನ್ನು ಕೂಡಿಸಿ, ಶಿಲ್ಪಿ ಅಲೆಕ್ಸಾಂಡರ್ ಡಾಯ್ಲ್ ಅವರಿಂದ ಮೂರ್ತಿ ಮಾಡಿಸಿದರು. 1884ರ ಜುಲೈ 9ರಂದು ಅದರ ಅನಾವರಣವಾಯಿತು. ಜೀವಮಾನವಿಡೀ ಬಾಗಿಲ ಬಳಿ ಕುಳಿತಿದ್ದವಳನ್ನು ನಗರವು ಕುಳಿತ ಭಂಗಿಯಲ್ಲೇ ಉಳಿಸಿಕೊಂಡಿತು.

ನಮಗೆ ಏನು?

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಸಣ್ಣ ವ್ಯಾಪಾರ ನಡೆಸುವವರಿಗೆ ಕೊರತೆಯಿಲ್ಲ. ಉಪ್ಪಿನಕಾಯಿ, ಹಪ್ಪಳ ಮಾಡುವ ಸ್ವಸಹಾಯ ಸಂಘದ ಅಕ್ಕಂದಿರು, ಮನೆಯಲ್ಲೇ ಕೇಕ್ ಮಾಡಿ ಕೊಡುವ ತಾಯಂದಿರು, ಹೊಲಿಗೆ ಯಂತ್ರವೊಂದನ್ನು ಇಟ್ಟುಕೊಂಡ ವಿಧವೆಯರು, ಗಲ್ಫಿನಿಂದ ಮರಳಿ ಬಂದು ಅಂಗಡಿ ತೆರೆದ ಅಣ್ಣಂದಿರು ಎಲ್ಲೆಡೆ ಇದ್ದಾರೆ. ಇವರಲ್ಲಿ ಹಲವರು ಭಾನುವಾರದ ಬಲಿಪೂಜೆ ಒಂದು ಲೋಕ, ಸೋಮವಾರದ ಗಲ್ಲಾಪೆಟ್ಟಿಗೆ ಇನ್ನೊಂದು ಲೋಕ ಎಂದೇ ಭಾವಿಸುತ್ತಾರೆ. ಹಬ್ಬಕ್ಕೆ ಕಾಣಿಕೆ ಕೊಟ್ಟರೆ ಎರಡೂ ಲೋಕಗಳ ಲೆಕ್ಕ ಸರಿಹೋಯಿತು ಎಂಬ ನಂಬಿಕೆ. ದೋಷ ಅವರದ್ದು ಮಾತ್ರವಲ್ಲ. ಧರ್ಮಗುರುಗಳಾದ ನಾವೂ ಅವರ ಕಾಣಿಕೆಯ ಬಗ್ಗೆ ಮಾತನಾಡುವಷ್ಟು ಅವರ ಅಂಗಡಿಯ ಬಗ್ಗೆ ಮಾತನಾಡುವುದಿಲ್ಲ.

ಮಾರ್ಗರೆಟ್‌ಳ ಜೀವನ ಈ ಎರಡು ಲೋಕಗಳ ನಡುವಿನ ಗೋಡೆಯನ್ನು ಕೆಡವುತ್ತದೆ. ಆಕೆಯ ದಾನ ವ್ಯಾಪಾರದ ಕೊನೆಯಲ್ಲಿ ಬರಲಿಲ್ಲ, ಆರಂಭದಲ್ಲೇ ಇತ್ತು. ಯಾರಿಗಾಗಿ ಈ ಕೆಲಸ ಎಂಬ ಪ್ರಶ್ನೆಗೆ ಉತ್ತರ ಮೊದಲೇ ಸಿಕ್ಕಿದ್ದರಿಂದ, ಎಷ್ಟು ಬೆಲೆ ಹಾಕಬೇಕು, ಉಳಿದದ್ದನ್ನು ಏನು ಮಾಡಬೇಕು, ತನಗೆಷ್ಟು ಸಾಕು ಎಂಬ ಪ್ರಶ್ನೆಗಳಿಗೆ ಉತ್ತರ ತಾನಾಗಿ ದೊರೆಯಿತು. ಎಲೀಯ ಪ್ರವಾದಿಗೆ ಮೊದಲು ರೊಟ್ಟಿ ಮಾಡಿಕೊಟ್ಟ ಸರೆಪ್ತದ ವಿಧವೆಯ ಮಡಕೆಯಲ್ಲಿ ಹಿಟ್ಟು ತೀರಲಿಲ್ಲ ಎಂದು ಪವಿತ್ರ ಗ್ರಂಥ ಹೇಳುತ್ತದೆ. ನ್ಯೂ ಓರ್ಲಿಯನ್ಸಿನ ವಿಧವೆಯ ಮಡಕೆಯೂ ತೀರಲಿಲ್ಲ.

ಎಲ್ಲರೂ ಅನಾಥಾಲಯ ಕಟ್ಟಲಾರರು, ಕಟ್ಟಬೇಕಾಗಿಯೂ ಇಲ್ಲ. ಆದರೆ ಅಂಗಡಿ ತೆರೆಯುವ ಮೊದಲು ಬ್ಯಾಂಕಿನ ಸಾಲದ ಅರ್ಜಿಯ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಮನೆಮಂದಿ ಕುಳಿತು ಕೇಳಿಕೊಳ್ಳಬಹುದು: ನಮ್ಮ ಕೆಲಸದಿಂದ ಯಾರ ಲೋಟ ಮೊದಲು ತುಂಬಬೇಕು? ವಾರ್ಡಿನ ಸಭೆಯಲ್ಲಿ, ಸ್ತ್ರೀ ಸಂಘಟನೆಯಲ್ಲಿ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಕೂಟದಲ್ಲಿ ಈ ಪ್ರಶ್ನೆಯ ಬಗ್ಗೆ ಒಂದು ಸಂಜೆ ಮಾತನಾಡಿದರೆ, ಅಂಗಡಿ ನಡೆಸುವವರಿಗೂ ಅಂಗಡಿಗೆ ಬರುವವರಿಗೂ ಪ್ರಯೋಜನವಾದೀತು ಎಂದು ನಾವು ನಂಬುತ್ತೇವೆ.